ಬೊಂಡಾಸಿನ ನರದ ಪಾಠ

ವುಡ್ಸ್ ಹೋಲ್, ಮ್ಯಾಸಚೂಸೆಟ್ಸ್
7 ಸೆಪ್ಟೆಂಬರ್ 1986, ಭಾನುವಾರ

ಡೆಲ್ಫಿನಾ ಅಕ್ಕ,

ಆಶೀರ್ವಾದ ಮಾಡು. ಅಮ್ಮ ಹೋದ ಮೇಲೆ ಹೀಗೆ ಕೇಳುವುದಕ್ಕೆ ನೀನೊಬ್ಬಳೇ ಉಳಿದಿರುವುದು, ಆದ್ದರಿಂದ ಕೈಬಿಚ್ಚಿ ಮಾಡು.

ಫೋನ್ ಮಾಡಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಪಕ್ಕ ನಿಂತೂ ನಿಂತೂ ಕಿವಿ ಹೋಗಿದೆ. ಹೋದ ಸಲ ನೀನು ಸ್ಯಾನ್ ಫ್ರಾನ್ಸಿಸ್ಕೋದಿಂದ ಅರ್ಧ ಗಂಟೆ ಮಾತಾಡಿದೆ, ನನಗೆ ಕೇಳಿಸಿದ್ದು ನಿನ್ನ ನಾಯಿ ಮಾತ್ರ.

ಈ ಬೇಸಿಗೆ ಬೊಂಡಾಸ್ ಚೆನ್ನಾಗಿ ಸಿಕ್ಕಿತು, ಪ್ರಯೋಗಾಲಯದವರ ಬಾಯಲ್ಲಿ ಅದು ಸ್ಕ್ವಿಡ್. ಪ್ರಯೋಗಾಲಯದವರು ನಿನ್ನ ಕಾಲದ ಹಾಗೆಯೇ ಬೆಳಿಗ್ಗೆ ದಕ್ಕೆಯಲ್ಲಿ ಬಕೆಟ್ ಹಿಡಿದು ಕಾಯುತ್ತಾರೆ. ಊರಿನವರೆಲ್ಲ ಹುರಿದು ತಿನ್ನುವ ಮೀನು ಇವರಿಗೆ ಮಾತ್ರ ಜೀವಂತ ಬೇಕು. ಒಂದು ಬೊಂಡಾಸ್ ತೊಟ್ಟಿಯಲ್ಲಿ ಶಾಯಿ ಉಗುಳಿ ಸತ್ತರೂ ಮನೆಯ ಹಿರಿಯರು ಹೋದ ಹಾಗೆ ಮುಖ ಮಾಡಿಕೊಳ್ಳುತ್ತಾರೆ.

ವಿಷಯ ಏನೆಂದರೆ ನನ್ನ ಕಾಲು ಸರಿಯಿಲ್ಲ. ಚರ್ಚಿನಲ್ಲಿ ಮೊಣಕಾಲೂರಿದರೆ ಏಳಲು ಮುಂದಿನ ಬೆಂಚು ಹಿಡಿಯಬೇಕು. ಪಾದ್ರಿಗಳು ನನ್ನ ಭಕ್ತಿ ಹೆಚ್ಚಾಯಿತು ಎಂದುಕೊಂಡಿದ್ದಾರೆ. ಬಾಯಿ ಒಣಗಿ ನನ್ನವಳು ಇಡಾಲಿನಾ ಬೇಯಿಸಿದ ಸಿಹಿ ಬ್ರೆಡ್ಡು ಗಂಟಲಿಗೆ ಇಳಿಯುವುದಿಲ್ಲ. ಎಲ್ಲಕ್ಕಿಂತ ವಿಚಿತ್ರ ನನ್ನ ಕೈ. ಬೆಳಿಗ್ಗೆ ಹಗ್ಗ ಹಿಡಿದರೆ ಮೊದಲು ಬಲವೇ ಇರುವುದಿಲ್ಲ. ಹಿಡಿದೇ ಇದ್ದರೆ, ಎಳೆಯುತ್ತಾ ಎಳೆಯುತ್ತಾ, ಎಲ್ಲಿಂದಲೋ ಬಲ ಬರುತ್ತದೆ. ಎಲ್ಲರಿಗೂ ದುಡಿದರೆ ದಣಿವು, ನನಗೆ ದುಡಿದರೆ ಕಸುವು.

ಇಡಾಲಿನಾ ಇದನ್ನು ವಯಸ್ಸು ಅನ್ನುತ್ತಾಳೆ. ಐವತ್ಮೂರು ಒಂದು ವಯಸ್ಸೇ? ನವೆಂಬರಿನಲ್ಲಿ ದೋಣಿಯವರ ವಾರ್ಷಿಕ ದೇಹಪರೀಕ್ಷೆ ಇದೆ. ಅದರಲ್ಲಿ ಬಿದ್ದರೆ ದೋಣಿ ಹೋಯಿತು. ದೋಣಿ ಇಲ್ಲದ ನಾನೆಂದರೆ ಅಡುಗೆಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುವ ಒಂದು ಮರದ ಸಾಮಾನು. ನೀನು ಆಸ್ಪತ್ರೆಯಲ್ಲಿ ನರ ಪರೀಕ್ಷೆ ಮಾಡುವವಳು, ಇದೇನೆಂದು ಹೇಳು.

ರೂಢಿಯಂತೆ ಎರಡು ಸಾಲು ಹೊಸೆದಿದ್ದೇನೆ. ಎದುರು ಸಾಲು ಬರದಿದ್ದರೆ ನೀನು ಸೋತ ಲೆಕ್ಕ.

ಏಣಿ ಹತ್ತಲು ಕಾಲಿಲ್ಲ, ಏಡಿ ಹಿಡಿಯಲು ಕೈಯಿಲ್ಲ;
ಬಾಯಿಯೊಂದು ಉಳಿದಿತ್ತಕ್ಕ, ಅದಕ್ಕೂ ಈಗ ನೀರಿಲ್ಲ.

ನಿನ್ನ ತಮ್ಮ,
ಎವರಿಸ್ಟೊ

*

ಸ್ಯಾನ್ ಫ್ರಾನ್ಸಿಸ್ಕೋ
15 ಸೆಪ್ಟೆಂಬರ್ 1986

ಎವರಿಸ್ಟೊ,

ದೇವರು ನಿನ್ನನ್ನು ಕಾಯಲಿ.

ಊಟದ ಬಿಡುವಿನಲ್ಲಿ ನಿನ್ನ ಪತ್ರ ಓದಿದೆ, ಊಟ ಬಿಟ್ಟು ಇನ್ನೊಮ್ಮೆ ಓದಿದೆ. ಮೊದಲು ನನ್ನ ಪ್ರಶ್ನೆಗಳು. ಬಿಸಿನೀರಿನ ಸ್ನಾನವಾದ ಮೇಲೆ ಕಾಲು ಇನ್ನೂ ಸೋಲುತ್ತದೆಯೇ? ಸಂಜೆ ರೆಪ್ಪೆ ಇಳಿಬೀಳುತ್ತದೆಯೇ? ಕೆಮ್ಮು ಇದೆಯೇ? ಪ್ಯಾಂಟು ಸಡಿಲವಾಗಿದೆಯೇ? ಸಿಗರೇಟು ಎಷ್ಟು, ಇಡಾಲಿನಾಗೆ ಹೇಳುವ ಲೆಕ್ಕ ಬೇಡ, ನಿಜ ಹೇಳು.

ಹತ್ತು ಬೇಸಿಗೆ ನೀನು ತಂದ ಬೊಂಡಾಸನ್ನು ಕೊಯ್ದು, ನೂಲಿನಷ್ಟು ದಪ್ಪದ ಅದರ ನರ ಬಿಡಿಸಿ, ವಿಜ್ಞಾನಿಗಳ ಮುಂದೆ ಇಟ್ಟವಳು ನಾನು. ಈಗ ಮನುಷ್ಯರ ನರಕ್ಕೆ ಸಣ್ಣ ಶಾಕ್ ಕೊಟ್ಟು ಸ್ನಾಯು ಎಷ್ಟು ಎಳೆಯುತ್ತದೆಂದು ಅಳೆಯುತ್ತೇನೆ. ಎರಡೂ ಒಂದೇ ಕೆಲಸ, ಬೊಂಡಾಸ್ ದೂರು ಹೇಳುವುದಿಲ್ಲ ಅಷ್ಟೆ.

ಕೇಳು. ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಕಣ್ಣಿಗೆ ಕಾಣದ ಒಂದು ಸಂದು ಇದೆ. ವಿದ್ಯುತ್ತು ನರದ ತುದಿಯವರೆಗೆ ಬಂದು ನಿಲ್ಲುತ್ತದೆ, ಸಂದು ಹಾರಲು ಅದಕ್ಕೆ ಬರುವುದಿಲ್ಲ. ತುದಿಯೊಳಗೆ ರಸ ತುಂಬಿದ ಪೊಟ್ಟಣಗಳು ಕಾಯುತ್ತಿರುತ್ತವೆ, ತುದಿಯ ಗೋಡೆಯಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ. ವಿದ್ಯುತ್ತು ತಟ್ಟಿದಾಗ ಬಾಗಿಲು ಕ್ಷಣಮಾತ್ರ ತೆರೆದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ನುಗ್ಗಿದರೆ ಮಾತ್ರ ಪೊಟ್ಟಣ ಒಡೆದು ರಸ ಆಚೆ ಚೆಲ್ಲುತ್ತದೆ, ಸ್ನಾಯು ಎಳೆಯುತ್ತದೆ. ನಾವು ತಟ್ಟೆಯ ನೀರಿನಿಂದ ಕ್ಯಾಲ್ಸಿಯಂ ತೆಗೆದುಬಿಟ್ಟಾಗ ಬೊಂಡಾಸಿನ ನರ ಎಷ್ಟು ಮಿಡಿದರೂ ಆಚೆಗೆ ಏನೂ ದಾಟುತ್ತಿರಲಿಲ್ಲ.

ನಿನ್ನ ನರದ ತುದಿಗಳಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿಹೋಗಿವೆ ಎಂದು ನನ್ನ ಅನುಮಾನ. ಮೊದಲ ಸಲ ತಟ್ಟಿದಾಗ ಒಳಗೆ ಬರುವ ಕ್ಯಾಲ್ಸಿಯಂ ಸಾಲುವುದಿಲ್ಲ. ಅದು ಬರಿದಾಗುವ ಮೊದಲೇ ಮತ್ತೆ ಮತ್ತೆ ತಟ್ಟಿದರೆ ಕೂಡುತ್ತಾ ಹೋಗುತ್ತದೆ, ಪೊಟ್ಟಣ ಒಡೆಯುತ್ತದೆ. ಮುಷ್ಟಿ ಬಿಗಿಹಿಡಿದು ಹತ್ತು ಎಣಿಸಿ ನೋಡು, ಬಲ ಬರುತ್ತದೆ. ಸುಮ್ಮನೆ ಕೂತರೆ ನಿಮಿಷದಲ್ಲಿ ಹೋಗಿಬಿಡುತ್ತದೆ.

ಯಾಕೆ ಮುಚ್ಚಿವೆ ಎನ್ನುವುದನ್ನು ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯವರು ನೋಡಬೇಕು. ಹೋಗು. ಈ ವಾರವೇ ಹೋಗು.

ನೀರಿಲ್ಲದ ಬಾಯಾದರೇನು, ಮಾತಿಗೆ ನಿನ್ನಲಿ ಬರವಿಲ್ಲ;
ಬಾಸ್ಟನ್ ಬಸ್ಸು ದಿನವೂ ಉಂಟು, ಹೋಗದೆ ಇರಲು ನೆವವಿಲ್ಲ.

ನಿನ್ನ ಅಕ್ಕ,
ಡೆಲ್ಫಿನಾ

*

ಸ್ಯಾನ್ ಫ್ರಾನ್ಸಿಸ್ಕೋ
15 ಸೆಪ್ಟೆಂಬರ್ 1986

ಇಡಾಲಿನಾ,

ಇದನ್ನು ನೀನು ಮೀನು ಕೊಯ್ಯುವ ಫ್ಯಾಕ್ಟರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದರೆ ಅವನು ಒಡೆದು ಓದುತ್ತಾನೆ.

ಅವನಿಗೆ ಅರ್ಧವನ್ನಷ್ಟೇ ಬರೆದಿದ್ದೇನೆ, ಉಳಿದರ್ಧ ನಿನಗೆ. ಬಾಗಿಲು ಮುಚ್ಚಿದ್ದು ತಾನಾಗಿ ಅಲ್ಲ. ಇಂಥ ಕೈಕಾಲು ಹೊತ್ತು ನಮ್ಮಲ್ಲಿಗೆ ಬರುವ ಸಿಗರೇಟಿನ ಜನರಲ್ಲಿ ಹೆಚ್ಚಿನವರ ಶ್ವಾಸಕೋಶದಲ್ಲಿ ಆ ಕೆಟ್ಟ ರೋಗ ಇರುತ್ತದೆ. ಆ ಗಂಟಿನ ಮೈಮೇಲೂ ಇದೇ ಜಾತಿಯ ಬಾಗಿಲುಗಳಿವೆಯಂತೆ. ದೇಹದ ಕಾವಲಿನವರು ಗಂಟನ್ನು ಹೊಡೆಯಲು ಹೊರಟು, ಗುರುತು ತಪ್ಪಿ, ನರದ ಬಾಗಿಲುಗಳನ್ನೂ ಹೊಡೆಯುತ್ತಾರೆ. ಕಾಲು ಸೋಲುವುದು ಮೊದಲು, ಗಂಟು ಕಾಣಿಸುವುದು ಆಮೇಲೆ. ಅದಕ್ಕೇ ಹೇಳುತ್ತಿದ್ದೇನೆ, ಈಗ ಸಿಕ್ಕರೆ ಚಿಕ್ಕದಿರುತ್ತದೆ. ಔಷಧಿಗೆ ಬಗ್ಗುವ ಜಾತಿ, ಆದರೆ ಬೇಗ ಬೆಳೆಯುವ ಜಾತಿ. ಚಳಿಗಾಲ ದಾಟಿಸುವ ಹಾಗಿಲ್ಲ.

ಹೇಗಾದರೂ ಮಾಡಿ ಎದೆಯ ಎಕ್ಸ್‌ರೇ ತೆಗೆಸು. ಹೆಸರು ಹೇಳಬೇಡ.

ಯಾಕೆಂದು ನಿನಗೆ ಗೊತ್ತು. ಅಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಫಾಲ್ ರಿವರ್‌ನ ಡಾಕ್ಟರು ಹೇಳಿದ ಆ ಪದವನ್ನು ನಮ್ಮ ಮಾತಿಗೆ ತಿರುಗಿಸಿ ಅವನಿಗೆ ಹೇಳಿದವಳು ನಾನು. ಆಗ ನನಗೆ ಹತ್ತೊಂಬತ್ತು. ಅಪ್ಪ ಮನೆಗೆ ಬಂದು, ಟೋಪಿ ಮೊಳೆಗೆ ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಅದೇ ಪದವನ್ನು ಇನ್ನೊಮ್ಮೆ ನನ್ನ ಬಾಯಲ್ಲಿ ಹೊರಡಿಸಬೇಡ.

ಡೆಲ್ಫಿನಾ

*

ವುಡ್ಸ್ ಹೋಲ್
12 ಅಕ್ಟೋಬರ್ 1986, ಭಾನುವಾರ

ಡೆಲ್ಫಿನಾ ಅಕ್ಕ,

ಆಶೀರ್ವಾದ ಮಾಡು.

ನಿನ್ನ ಪಾಠ ಅರ್ಥವಾಯಿತು. ನರ ಅಂದರೆ ಅಂಚೆಯವನು. ಗೇಟಿನ ತನಕ ಬರುತ್ತಾನೆ, ಒಳಗಿನವರು ಬಾಗಿಲು ತೆರೆಯದಿದ್ದರೆ ಪತ್ರ ಅವನ ಚೀಲದಲ್ಲೇ. ಇಡಾಲಿನಾಳ ಮೆಣಸಿನಕಾಯಿ ಬಾಟಲಿಯ ಮೇಲೆ ಪ್ರಯೋಗ ಮಾಡಿದೆ. ಮೊದಲು ತಿರುಗಿಸಿದಾಗ ಮುಚ್ಚಳ ಅಲುಗಲಿಲ್ಲ. ಮುಷ್ಟಿ ಬಿಗಿದು ಹತ್ತು ಎಣಿಸಿ ತಿರುಗಿಸಿದೆ, ಬಂತು. ನಮ್ಮ ಮನೆಯಲ್ಲೂ ಈಗ ವಿಜ್ಞಾನ ಇದೆ.

ನಿನ್ನ ಪ್ರಶ್ನೆಗಳಿಗೆ: ಸ್ನಾನ, ಹೌದು. ರೆಪ್ಪೆ, ಸ್ವಲ್ಪ. ಸಿಗರೇಟು ಸೇದುವವನಿಗೆ ಎಷ್ಟು ಕೆಮ್ಮು ಇರಬೇಕೋ ಅಷ್ಟು ಇದೆ. ಪ್ಯಾಂಟನ್ನು ಬೆಲ್ಟು ನೋಡಿಕೊಳ್ಳುತ್ತದೆ. ಬಾಸ್ಟನ್ ಆಮೇಲೆ. ನೀರು ತಣ್ಣಗಾಗಿ ಬೊಂಡಾಸ್ ಆಳಕ್ಕೆ ಹೋಗುವ ತನಕ ಪ್ರಯೋಗಾಲಯದವರು ನನ್ನನ್ನು ಬಿಡುವುದಿಲ್ಲ, ಅದು ಮುಗಿದರೆ ದೇಹಪರೀಕ್ಷೆ. ಬಾಸ್ಟನ್ನಿನ ದೊಡ್ಡ ಡಾಕ್ಟರು ಏನಾದರೂ ಬರೆದುಕೊಟ್ಟರೆ ಇಲ್ಲಿನ ಚಿಕ್ಕ ಡಾಕ್ಟರು ಅದನ್ನು ಓದುತ್ತಾನೆ. ಅಷ್ಟು ಬುದ್ಧಿ ನನಗಿದೆ.

ನಿನ್ನ ನಾದಿನಿಗೆ ಏನೋ ಹಿಡಿದಿದೆ. ಚರ್ಚಿನ ಅಂಗಳಕ್ಕೆ ಕ್ಷಯರೋಗ ಪತ್ತೆ ಮಾಡುವ ಗಾಡಿ ಬರುತ್ತದಂತೆ, ಬಿಟ್ಟಿ ಫೋಟೋ ತೆಗೆಯುತ್ತಾರಂತೆ.

"ಎದೆ ಫೋಟೋ ತೆಗೆಸ್ಕೊಂಡ್ ಬಾ ಮಾರಾಯ" ಅಂದಳು.

"ತೊಂದರೆ ಇರೋದು ಕಾಲಲ್ಲಿ ಕಣೇ" ಅಂದೆ.

"ಕಾಲು ಎಲ್ಲಿಂದ ಶುರು ಆಗುತ್ತೆ? ಮೇಲಿಂದ ತಾನೆ?"

"ಹಾಗಾದ್ರೆ ಟೋಪಿಯಿಂದ್ಲೇ ಶುರು ಮಾಡ್ಲಿ ಬಿಡು."

ಪಾತ್ರೆ ಒರೆಸುವ ಬಟ್ಟೆಯನ್ನು ನನ್ನ ಮೇಲೆ ಎಸೆದು ಹೊರಗೆ ಹೋದಳು. ಬರುವಾಗ ಕಣ್ಣು ಕೆಂಪಗಿತ್ತು. ಆವತ್ತು ಮನೆಯಲ್ಲಿ ಈರುಳ್ಳಿ ಇರಲಿಲ್ಲ. ಆಮೇಲೆ ವಿಚಾರಿಸಿದರೆ ಚರ್ಚಿಗೆ ಯಾವ ಗಾಡಿಯೂ ಬಂದಿಲ್ಲ.

ಕಾಲು ಸೋತಿತೆಂದರೆ ಎದೆಯ ಫೋಟೋ ತೆಗೆಸು ಅಂತಾಳೆ;
ಹಲ್ಲು ನೋವು ಬಂದರೆ ನಾಳೆ ಬೂಟು ಬಿಚ್ಚು ಅಂತಾಳೆ.

ಎವರಿಸ್ಟೊ

*

ವುಡ್ಸ್ ಹೋಲ್
19 ಅಕ್ಟೋಬರ್ 1986

ಅತ್ತಿಗೆಯವರಿಗೆ,

ನನ್ನ ಸುಳ್ಳು ನಡೆಯಲಿಲ್ಲ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಗಾಡಿ ಬರುತ್ತದೆ ಎಂದವಳು ಅದರ ಬಣ್ಣ ಕೇಳಿದರೆ ತಡವರಿಸಿದೆ. ನೀವು ಫೋನ್ ಮಾಡಿದಾಗ ಅವರು ಎದುರಿಗೇ ಕೂತಿದ್ದರು, ಅದಕ್ಕೇ ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಎರಡನೇ ಸಲ ಮಾಡಿದಾಗ "ಈ ರಾಂಗ್ ನಂಬರ್‌ಗೆ ನೀನಂದ್ರೆ ಬಲು ಇಷ್ಟ ಕಾಣುತ್ತೆ" ಅಂದರು.

ರಾತ್ರಿ ಉಸಿರಾಡುವುದನ್ನು ಕೇಳುತ್ತಾ ಮಲಗಿರುತ್ತೇನೆ. ನೀವೇ ಬರೆದುಬಿಡಿ ಅತ್ತಿಗೆ. ನಿಮ್ಮ ಮಾತಾದರೆ ತೂಕ ಇರುತ್ತದೆ. ನಾನು ಹೇಳಿದರೆ ಅದಕ್ಕೂ ಎರಡು ಸಾಲು ಕಟ್ಟಿ ನಗಿಸುತ್ತಾರೆ, ಆಮೇಲೆ ಏನು ಮಾಡುತ್ತಾರೋ ಎಂದು ನನಗೆ ಭಯ.

ಇಡಾಲಿನಾ

*

ಸ್ಯಾನ್ ಫ್ರಾನ್ಸಿಸ್ಕೋ
27 ಅಕ್ಟೋಬರ್ 1986

ಇಡಾಲಿನಾ,

ಬರೆಯಲು ಕೂತೆ, ಆಗಲಿಲ್ಲ.

ಆಮೇಲೆ ಹೊಳೆಯಿತು, ನವೆಂಬರಿನ ಪರೀಕ್ಷೆ ಇದೆಯಲ್ಲ. ಡಾಕ್ಟರು ಅವನ ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟುತ್ತಾನೆ, ಕಾಲು ಜಿಗಿಯುವುದಿಲ್ಲ. ಕೈ ಹಿಂಡು ಅನ್ನುತ್ತಾನೆ, ಬಲವಿರುವುದಿಲ್ಲ. ಎಂಥ ಡಾಕ್ಟರಾದರೂ ಅಲ್ಲಿಗೆ ಬಿಡುವುದಿಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸುತ್ತಾನೆ. ಹೇಳುವುದನ್ನು ಅವರೇ ಹೇಳಲಿ. ಮೂರು ವಾರ ತಡೆದುಕೋ. ನಮ್ಮಿಬ್ಬರ ಬಾಯಿಗೂ ಕೆಲಸ ಬರುವುದಿಲ್ಲ.

ಡೆಲ್ಫಿನಾ

*

ವುಡ್ಸ್ ಹೋಲ್
23 ನವೆಂಬರ್ 1986, ಭಾನುವಾರ

ಗುರುವೇ,

ಆಶೀರ್ವಾದ ಬೇಡ, ಅದು ಆಗಲೇ ಫಲಿಸಿದೆ. ಪಾಸಾದೆ.

ಡಾಕ್ಟರು ಹೊಸಬ, ಮೀಸೆ ಇನ್ನೂ ನೆಟ್ಟ ಸಸಿಯಂತಿದೆ. ನನಗೊಂದು ಕಾಗದದ ಅಂಗಿ ಕೊಟ್ಟು ಮೇಜಿನ ಮೇಲೆ ಕೂರಿಸಿದ. ಅವನು ಬರೆದುಕೊಳ್ಳಲು ಬೆನ್ನು ತಿರುಗಿಸಿದಾಗೆಲ್ಲ ನಾನು ಅಂಗಿಯೊಳಗೆ ಮುಷ್ಟಿ ಬಿಗಿದು ಹತ್ತು ಎಣಿಸಿದೆ. ಬಾಗಿಲು ತಟ್ಟಿದೆ, ತಟ್ಟಿದೆ, ತಟ್ಟಿದೆ.

"ಯಾಕ್ರೀ ಹಲ್ಲು ಕಚ್ಕೊಂಡಿದೀರಿ?" ಅಂದ.

"ಚಳಿ ಸ್ವಾಮಿ. ಪೇಪರ್ ಹೊದಿಸಿದೀರಲ್ಲ, ನಾನೇನು ಮೀನಾ?"

ತನ್ನ ಎರಡು ಬೆರಳು ಕೊಟ್ಟು ಹಿಂಡಿ ಅಂದ, ಹಿಂಡಿದೆ.

"ಸಾಕು ಸಾಕು. ಇವು ನಂಗೆ ನಾಳೇನೂ ಬೇಕು."

ಸುತ್ತಿಗೆ ಹುಡುಕಲು ಅವನು ಡ್ರಾಯರ್ ಎಳೆದ. ಅಷ್ಟರಲ್ಲಿ ನಾನು ತೊಡೆ ಬಿಗಿದು ಬಿಗಿದು ಬಿಟ್ಟೆ. ತಟ್ಟಿದ ತಕ್ಷಣ ಕಾಲು ಜಿಗಿದು ಅವನ ಪೆನ್ನಿಗೆ ಬಡಿಯಿತು. "ಎತ್ತಿನಂಥ ಆಳು" ಎಂದು ಸಹಿ ಹಾಕಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವನಿಗೆ ಏಳಲು ಇಡಾಲಿನಾ ಕೈ ಕೊಡಬೇಕಾಯಿತು, ಅದು ಬೇರೆ ಮಾತು. ಪಾಸಾದೆ ಎಂದು ಹೇಳಿದರೆ ನಗಲೂ ಇಲ್ಲ, ಆ ಹೆಂಗಸು. ಕೋಟಿನ ಗುಂಡಿಯನ್ನು ಹಾಕುತ್ತಾ ಬಿಚ್ಚುತ್ತಾ ನಿಂತಿದ್ದಳು.

ಆ ಸಹಿ ತೋರಿಸಿ ಚಳಿಗಾಲಕ್ಕೆ ನ್ಯೂ ಬೆಡ್‌ಫರ್ಡ್‌ನ ದೊಡ್ಡ ದೋಣಿಯಲ್ಲಿ ಕೆಲಸ ಹಿಡಿದಿದ್ದೇನೆ. ಮಂಗಳವಾರ ಹೊರಡುವುದು. ದೂರದ ನೀರು. ಬಾಸ್ಟನ್ ವಸಂತಕ್ಕಾಯಿತು.

ಮುಷ್ಟಿ ಹಿಂಡಿ ಹಿಂಡಿ ಹಾಕಿದೆ ಡಾಕ್ಟರ ಕಣ್ಣಿಗೆ ಮಣ್ಣು;
ತಟ್ಟುವುದನ್ನು ಕಲಿಸಿದ ಗುರುವಿಗೆ ಕಳಿಸುವೆ ಬುಟ್ಟಿ ಹಣ್ಣು.

ಎತ್ತಿನಂಥ ತಮ್ಮ,
ಎವರಿಸ್ಟೊ

*

ಸ್ಯಾನ್ ಫ್ರಾನ್ಸಿಸ್ಕೋ
30 ನವೆಂಬರ್ 1986

ಎವರಿಸ್ಟೊ,

ಎರಡು ಸಾಲು ಕಟ್ಟಿಲ್ಲ. ಸೋತೆನೆಂದು ಬರೆದುಕೋ.

ನೀನು ಮೋಸ ಮಾಡಿದ ಆ ಪರೀಕ್ಷೆಯನ್ನೇ ನಾನು ನಂಬಿ ಕೂತಿದ್ದೆ. ಬಾಗಿಲು ಹೇಗೆ ಮುಚ್ಚಿದೆ ಎಂದು ನಿನಗೆ ಹೇಳಿದೆ, ಯಾಕೆ ಮುಚ್ಚಿದೆ ಎಂದು ಹೇಳಲಿಲ್ಲ. ನಿನ್ನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇರಬಹುದು. ಇಲ್ಲದೆಯೂ ಇರಬಹುದು, ಆದರೆ ನನಗೆ ಇದೆ ಅನ್ನಿಸುತ್ತದೆ. ಸೆಪ್ಟೆಂಬರಿನಿಂದ ಅನ್ನಿಸುತ್ತಿದೆ. ಎದೆಯ ಫೋಟೋ ತೆಗೆಸು ಎಂದು ಇಡಾಲಿನಾ ಪೀಡಿಸಿದ್ದು ನಾನು ಹೇಳಿಕೊಟ್ಟಿದ್ದಕ್ಕೆ. ಕಾಲಿಗೂ ಎದೆಗೂ ಸಂಬಂಧವಿದೆ. ನಿನ್ನನ್ನು ನಗಿಸಿದ ಆ ಮಾತು ಸುಳ್ಳಲ್ಲ.

ಈ ಪತ್ರ ಕೈಗೆ ಬಂದ ದಿನವೇ ದೋಣಿ ಬಿಡು. ಕೇಳುತ್ತಿರುವುದು ನಿನ್ನ ಅಕ್ಕ, ಅಪ್ಪಣೆ ಎಂದುಕೋ.

ಡೆಲ್ಫಿನಾ

*

ವುಡ್ಸ್ ಹೋಲ್
21 ಡಿಸೆಂಬರ್ 1986

ಅತ್ತಿಗೆಯವರಿಗೆ,

ನಿಮ್ಮ ಪತ್ರ ಬಂದಾಗ ಅವರು ಸಮುದ್ರದಲ್ಲಿದ್ದರು. ಕೊಡಬೇಕೆಂದೇ ಮೇಜಿನ ಮೇಲೆ ಇಟ್ಟಿದ್ದೆ. ಬಂದವರು ಎರಡು ದಿನ ಮಾತ್ರ ಇದ್ದರು. ನಾನು ಮಾಡಿದ ಸೊಪ್ಪಿನ ಸಾರನ್ನು ಬಾಯಿ ಒಣಗಿದ್ದರೂ ಎರಡು ಬಟ್ಟಲು ಕುಡಿದರು, ದೋಣಿಯ ಅಡುಗೆಯವನನ್ನು ಅಣಕಿಸಿ ನಗಿಸಿದರು. ಎಷ್ಟೋ ತಿಂಗಳಾಗಿತ್ತು ಹಾಗೆ ನಕ್ಕು. ನಾನು ಎದ್ದು ಪತ್ರವನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ.

ಕ್ರಿಸ್ಮಸ್ ಕಳೆಯಲಿ, ಕೊಡುತ್ತೇನೆ. ನಿಮ್ಮ ಬೈಗುಳ ನನಗೆ ಇಲ್ಲಿಗೇ ಕೇಳಿಸುತ್ತಿದೆ. ನೀವು ಮೂರು ತಿಂಗಳು ತೆಗೆದುಕೊಂಡಿರಿ, ನನಗೆ ಮೂರು ವಾರವಾದರೂ ಕೊಡಿ.

ಇಡಾಲಿನಾ

*

ವುಡ್ಸ್ ಹೋಲ್
22 ಫೆಬ್ರವರಿ 1987, ಭಾನುವಾರ

ಡೆಲ್ಫಿನಾ ಅಕ್ಕ,

ಆಶೀರ್ವಾದ ಮಾಡು.

ಮೊದಲ ನಾಲ್ಕು ಸಾಲು ಮಸುಕಾಗಿದ್ದರೆ ಕಣ್ಣು ಕಿರಿದು ಮಾಡಿ ಓದು. ಬರೆಯುತ್ತಾ ಹೋದಂತೆ ಪೆನ್ಸಿಲ್ಲಿಗೆ ಬಲ ಬರುತ್ತದೆ.

ನಿನಗೆ ಇಡಾಲಿನಾ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ, ಆದರೂ ನನ್ನ ಬಾಯಿಂದ ಕೇಳು. ಜನವರಿಯಲ್ಲಿ ಮೀನು ತುಂಬುವ ಉಗ್ರಾಣದಿಂದ ಮೇಲೆ ಹತ್ತಲಾಗಲಿಲ್ಲ. ಮುಷ್ಟಿ ಬಿಗಿದೆ, ತೊಡೆ ಬಿಗಿದೆ, ಎಷ್ಟು ತಟ್ಟಿದರೂ ಯಾವ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಮೀನಿನ ಬುಟ್ಟಿ ಎತ್ತುವ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡರು. "ತೂಕ ಹಾಕ್ರೋ, ಒಳ್ಳೇ ರೇಟ್ ಇದೆ" ಅಂದ ಅಡುಗೆಯವನು. ಯಾರೂ ನಗಲಿಲ್ಲ, ಹೇಳಿದವನೂ ನಗಲಿಲ್ಲ. ಆಗಲೇ ನನಗೆ ಗೊತ್ತಾಯಿತು.

ಬಾಸ್ಟನ್ನಿನಲ್ಲಿ ಫೋಟೋ ತೆಗೆದ ಸಂಜೆ ಇಡಾಲಿನಾ ಏಪ್ರನ್ ಜೇಬಿನಿಂದ ನಿನ್ನ ಪತ್ರ ತೆಗೆದುಕೊಟ್ಟಳು, ಹಿಟ್ಟು ಮೆತ್ತಿಕೊಂಡಿತ್ತು. ಓದಿದೆ. ಕೋಪ ಬಂತು, ಎರಡು ದಿನ ಇತ್ತು, ಆಮೇಲೆ ಅದನ್ನು ಹಿಡಿದುಕೊಳ್ಳಲೂ ಬಲ ಸಾಲಲಿಲ್ಲ. ನಾನು ಡಾಕ್ಟರಿಗೆ ಮೋಸ ಮಾಡಿದೆ, ನೀವಿಬ್ಬರು ನನಗೆ ಮಾಡಿದಿರಿ. ನಮ್ಮೆಲ್ಲರ ನಡುವೆ ಪ್ರಾಮಾಣಿಕ ಅಂದರೆ ಆ ಮೀಸೆಯ ಹುಡುಗನೊಬ್ಬನೇ, ಪಾಪ, ಅವನಿಗೇ ಏನೂ ತಿಳಿಯಲಿಲ್ಲ.

ಅಪ್ಪನ ವಿಷಯ ಇಡಾಲಿನಾ ಹೇಳಿದಳು. ಇಷ್ಟು ವರ್ಷ ಅದನ್ನು ಹೊತ್ತುಕೊಂಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಆಗ ನಾನು ಚಿಕ್ಕವನು, ಆದರೆ ಮನೆಯಲ್ಲೇ ಇದ್ದೆ, ನೀನು ದಿನವಿಡೀ ಗಿರಣಿಯಲ್ಲಿರುತ್ತಿದ್ದೆ. ಅಪ್ಪ ಗೋಡೆಗೆ ತಿರುಗಿದ್ದು ನೀನು ಹೇಳಿದ್ದರಿಂದ ಅಲ್ಲ. ನೀನು ಹೇಳಿದ ಮೇಲೆ ಮನೆಯವರು ಯಾರೂ ಅವನ ಹತ್ತಿರ ಮಾತಾಡಲಿಲ್ಲ. ಚಿಕ್ಕಪ್ಪಂದಿರು ಬಾಗಿಲ ತನಕ ಬಂದು, ಟೋಪಿ ತಿರುಗಿಸುತ್ತಾ ನಿಂತು, ಹೋಗಿಬಿಡುತ್ತಿದ್ದರು. ಅಮ್ಮ ಸಾರಿನ ಬಟ್ಟಲು ಇಟ್ಟು ಓಡುತ್ತಿದ್ದಳು. ಈ ಕಡೆ ನೋಡಲು ಯಾರಿದ್ದರು ಅಂತ ಅವನು ತಿರುಗಬೇಕು?

ಈಗ ನನಗೊಂದು ಉತ್ತರ ಬೇಕು. ಜೂನ್ ಮೊದಲ ವಾರ ಪವಿತ್ರಾತ್ಮದ ಹಬ್ಬ. ಅದನ್ನು ನಡೆಸುವ ನಮ್ಮ ಹಾಲ್‌ನವರು ಬಂದಿದ್ದರು. ನ್ಯೂ ಬೆಡ್‌ಫರ್ಡ್‌ನ ಹಾಡುಗಾರನ ಎದುರು ಸಾಲಿಗೆ ಸಾಲು ಕಟ್ಟಿ ಹಾಡಲು ನಾನು ಕೂರಬೇಕಂತೆ, ಪೋಸ್ಟರ್ ಅಚ್ಚು ಹಾಕಿಸಬೇಕು, ಹೂಂ ಅನ್ನಿ ಎಂದರು. ಇಡಾಲಿನಾ "ಹೊಸ ಅಂಗಿ ಹೊಲಿಸೋಣ" ಅನ್ನುತ್ತಾಳೆ. ಡಾಕ್ಟರು "ನೋಡೋಣ" ಅನ್ನುತ್ತಾರೆ. ಪಾದ್ರಿಗಳು ಮೇಲೆ ನೋಡುತ್ತಾರೆ. ನಮ್ಮವರು ಯಾರೂ ಹೇಳುವುದಿಲ್ಲ, ನೀನು ಹೇಳು. ಹೂಂ ಅನ್ನಲೋ, ಬೇಡ ಅನ್ನಲೋ? ಸಾಲು ಕಟ್ಟಬೇಡ.

ನಿನ್ನ ತಮ್ಮ,
ಎವರಿಸ್ಟೊ

*

ಸ್ಯಾನ್ ಫ್ರಾನ್ಸಿಸ್ಕೋ
2 ಮಾರ್ಚ್ 1987

ಎವರಿಸ್ಟೊ,

ದೇವರು ನಿನ್ನನ್ನು ಕಾಯಲಿ.

ಬೇಡ ಅನ್ನು.

ನಿನ್ನ ಡಾಕ್ಟರ ಜೊತೆ ಮಾತಾಡಿದೆ. ಎರಡು ಸಲ ಕೇಳಿದೆ, ನಾನು ಆಸ್ಪತ್ರೆಯವಳೇ ಎಂದು ಹೇಳಿದ ಮೇಲೆ ನೇರವಾಗಿ ಹೇಳಿದರು. ಅದು ಯಕೃತ್ತಿಗೂ ಇಳಿದಿದೆ, ಔಷಧಿಗೆ ಬಗ್ಗುತ್ತಿಲ್ಲ. ಈಸ್ಟರ್ ನೋಡುತ್ತೀಯ ಎಂದು ಅವರ ಅಂದಾಜು. ಜೂನ್ ಇಲ್ಲ. ಹಾಲ್‌ನವರಿಗೆ ಈ ವಾರವೇ ತಿಳಿಸು, ಬೇರೊಬ್ಬ ಹಾಡುಗಾರನನ್ನು ಹುಡುಕಲು ಅವರಿಗೆ ಸಮಯ ಬೇಕು.

ಇದನ್ನು ಒಂದೇ ಸಲಕ್ಕೆ ಬರೆದು ಮುಗಿಸಿದೆ. ಸೆಪ್ಟೆಂಬರಿನಲ್ಲಿ ಇಷ್ಟೇ ಪದಗಳು ಸಾಕಾಗುತ್ತಿದ್ದವು.

ಕೆಲಸಕ್ಕೆ ರಜೆ ಹಾಕಿದ್ದೇನೆ, ಎಷ್ಟು ದಿನ ಎಂದು ಬರೆದುಕೊಟ್ಟಿಲ್ಲ. ಶುಕ್ರವಾರ ಮಧ್ಯಾಹ್ನ ವಿಮಾನ ಇಳಿಯುತ್ತದೆ. ನಿನ್ನ ಹಾಸಿಗೆಯ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಸು, ಇಡಾಲಿನಾಗೆ ಇನ್ನೊಂದು. ಕೆಲಸದ ನೆವ ಹೇಳಿ ಅವಳು ಅಡುಗೆಮನೆಗೆ ಓಡಿದರೆ ನಾನು ಕೂಗಿ ಕರೆಯುತ್ತೇನೆ. ನಿನಗೆ ಕೇಳಿಸಬೇಕಲ್ಲ, ಗಟ್ಟಿಯಾಗಿಯೇ ಮಾತಾಡುತ್ತೇವೆ, ಎಲ್ಲವನ್ನೂ. ಬೀದಿಯವರಿಗೆ ಕೇಳಿಸಿದರೆ ಕೇಳಿಸಲಿ.

ನಿನ್ನ ಅಕ್ಕ,
ಡೆಲ್ಫಿನಾ